ಗ್ರಾಹಕರಿಗೆ ಪತ್ರ: ಬರೀ ಸ್ಪ್ರಿಂಗ್ ಹಾಕಿ ಗಾಡಿ ಇಳಿಸುವ ಕೆಲಸ ಇನ್ಮೇಲೆ ಇಲ್ಲ

ಗ್ರಾಹಕ ಮಿತ್ರರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಸಸ್ಪೆನ್ಷನ್ ಕೆಲಸ ಮಾಡುವ ರೀತಿ ಬದಲಾಗುತ್ತಿದೆ. ಕಂಪನಿ ಶಾಕ್‌ಗಳನ್ನು ಹಾಗೇ ಬಿಟ್ಟು, ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿ ಗಾಡಿ ಇಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ವಾರವೆಲ್ಲ ಬೆಂಗಳೂರಿನ ರಸ್ತೆಯಲ್ಲಿ ಓಡಿಸಿ, ಆಗೊಮ್ಮೆ ಈಗೊಮ್ಮೆ ರೇಸ್ ಟ್ರ್ಯಾಕ್‌ಗೆ ಒಯ್ಯುವ ಗಾಡಿಯಾದರೆ ಅದರ ಎತ್ತರ ಕಂಪನಿ ಕೊಟ್ಟಷ್ಟೇ ಇರುತ್ತದೆ. ಹಿಡಿತವನ್ನು ಬೇರೆ ಕಡೆಯಿಂದ ತರುತ್ತೇವೆ. ಸ್ಪ್ರಿಂಗ್‌ಗೆ ಈಗಾಗಲೇ ಅಡ್ವಾನ್ಸ್ ಕೊಟ್ಟವರು ಹಣ ವಾಪಸ್ ಕೇಳಿದರೆ ಪೂರ್ತಿ ಕೊಡುತ್ತೇವೆ.

“ಹಾಗಾದ್ರೆ ಸ್ಟೈಲ್ ಏನು ಬಂತು?” ಅಂತ ಕೆಲವರು ಆಗಲೇ ಕೇಳಿದ್ದಾರೆ. ಚಕ್ರಕ್ಕೂ ಫೆಂಡರ್‌ಗೂ ನಡುವಿನ ಸಂದು ಮುಚ್ಚಿದರೆ ಗಾಡಿ ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಸಂದು ಮುಚ್ಚಿದ ಮಾತ್ರಕ್ಕೆ ಲ್ಯಾಪ್ ಟೈಮ್ (ಟ್ರ್ಯಾಕ್ ಒಂದು ಸುತ್ತು ಹಾಕುವ ಸಮಯ) ಇಳಿಯುವುದಿಲ್ಲ. ಎಷ್ಟೋ ಸಲ ಏರುತ್ತದೆ.

ಗಾಡಿ ಇಳಿಸಿದಷ್ಟೂ ತಿರುವಿನಲ್ಲಿ ವಾಲುವುದು ಕಮ್ಮಿ ಅನ್ನುವ ನಂಬಿಕೆ ಬಹಳ ಜನರಿಗಿದೆ. ಅದು ಅರ್ಧ ನಿಜ. ಬಿಎಂಡಬ್ಲ್ಯು ಎಂ2 ಗಾಡಿಗೆ ಮುಂದಿನ ಚಕ್ರದಲ್ಲಿ ಇರುವುದು ಸ್ಟ್ರಟ್, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗೆ ಇರುವ ಕಂಬ. ಪೋರ್ಷೆ 718 ಕೇಮನ್‌ಗೆ ಹಿಂದೆ ಮುಂದೆ ಎರಡೂ ಕಡೆ ಸ್ಟ್ರಟ್. ಗಾಡಿ ಇಳಿದಾಗ, ಸ್ಟ್ರಟ್ ಕೆಳಗೆ ಚಕ್ರವನ್ನು ಗಾಡಿಗೆ ಜೋಡಿಸುವ ಲೋವರ್ ಆರ್ಮ್‌ನಲ್ಲಿ ಚಕ್ರದ ಕಡೆಯ ತುದಿ ಮೇಲೆದ್ದುಕೊಳ್ಳುತ್ತದೆ. ಆಗ ರೋಲ್ ಸೆಂಟರ್, ಅಂದರೆ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಸರ್ರನೆ ಕೆಳಗಿಳಿಯುತ್ತದೆ. ಗಾಡಿಯ ಭಾರದ ಕೇಂದ್ರ ಅಷ್ಟು ಬೇಗ ಇಳಿಯುವುದಿಲ್ಲ. ಎರಡರ ನಡುವಿನ ಅಂತರ ಬೆಳೆದಷ್ಟೂ ಗಾಡಿಯನ್ನು ವಾಲಿಸುವ ಬಲ ಜಾಸ್ತಿ. ಹೊಸ ಸ್ಪ್ರಿಂಗ್‌ನ ಬಿರುಸಿನಲ್ಲಿ ಒಂದಷ್ಟು ಪಾಲು ಇದನ್ನು ತಡೆಯುವುದಕ್ಕೇ ಖರ್ಚಾಗುತ್ತದೆ.

ಇನ್ನೊಂದು ನಷ್ಟ ಕ್ಯಾಂಬರಿನದು, ಅಂದರೆ ಚಕ್ರ ನೆಟ್ಟಗಿರದೆ ಒಳಕ್ಕೋ ಹೊರಕ್ಕೋ ವಾಲುವ ಕೋನದ್ದು. ತಿರುವಿನಲ್ಲಿ ಹೊರಗಡೆಯ ಚಕ್ರ ಮೇಲಕ್ಕೆ ಒತ್ತಿದಾಗ ಅದರ ತಲೆ ಒಳಕ್ಕೆ ವಾಲಬೇಕು. ಆಗಲೇ ಟೈರ್ ಪೂರ್ತಿ ಅಗಲಕ್ಕೆ ನೆಲ ಹಿಡಿಯುವುದು. ಆರ್ಮ್ ಆಗಲೇ ಮೇಲೆದ್ದು ಕೂತಿದ್ದರೆ ಚಕ್ರ ಒತ್ತಿದಾಗ ತಲೆ ಹೊರಕ್ಕೆ ಹೋಗಲು ಶುರುವಾಗುತ್ತದೆ. ಟೈರಿನ ಹೊರ ಅಂಚು ಒಂದೇ ಕೆಲಸ ಮಾಡುತ್ತದೆ. ನಿಮ್ಮ ಟೈರಿನ ಭುಜದ ಹತ್ತಿರ ಸಣ್ಣ ತ್ರಿಕೋನದ ಗುರುತು ಇದ್ದರೆ ನೋಡಿ. ಟ್ರ್ಯಾಕ್‌ನಿಂದ ಬಂದಾಗ ಉಜ್ಜಿದ ಗುರುತು ಆ ತ್ರಿಕೋನವನ್ನೂ ದಾಟಿ ಪಕ್ಕದ ಗೋಡೆಗೆ ಬಂದಿದ್ದರೆ ಕ್ಯಾಂಬರ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಕಮ್ಮಿಯಾಗಿದೆ ಅಂತಲೇ ಲೆಕ್ಕ.

ಶಾಕ್‌ನ ಕಥೆ ಇದಕ್ಕಿಂತ ಕಷ್ಟ. ಮೇಲಕ್ಕೆ ಒತ್ತಲು ಚಕ್ರಕ್ಕೆ 70 ಮಿ.ಮೀ. ಜಾಗ ಇತ್ತು ಅಂತ ಇಟ್ಟುಕೊಳ್ಳಿ. ಗಾಡಿಯನ್ನು 30 ಮಿ.ಮೀ. ಇಳಿಸಿದರೆ ಉಳಿಯುವುದು 40. ಸಣ್ಣ ಗುಂಡಿಗೂ ಶಾಕ್ ತುದಿಯ ತಡೆಯಾದ ಬಂಪ್ ಸ್ಟಾಪ್‌ಗೆ ಹೋಗಿ ಕೂರುತ್ತದೆ. ಅಲ್ಲಿ ಕೂತ ಕ್ಷಣ ಆ ಚಕ್ರಕ್ಕೆ ಸ್ಪ್ರಿಂಗ್ ಎಷ್ಟೋ ಪಟ್ಟು ಬಿರುಸಾದ ಹಾಗೆ. ಊರಲ್ಲಾದರೆ ಸೊಂಟಕ್ಕೆ ಪೆಟ್ಟು, ಅಷ್ಟೇ. ವೇಗದ ತಿರುವಿನ ಮಧ್ಯದಲ್ಲಾದರೆ ಗಾಡಿ ಹೇಳದೆ ಕೇಳದೆ ಜಾರುತ್ತದೆ. ಕಂಪನಿ ಶಾಕ್ ತಯಾರಾಗಿರುವುದು ಕಂಪನಿ ಸ್ಪ್ರಿಂಗ್‌ಗೆ. ಬಿರುಸು ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ಹಿಡಿದು ನಿಲ್ಲಿಸುವ ತಾಕತ್ತು ಅದಕ್ಕಿಲ್ಲ.

ಇಳಿಸಿದ ಗಾಡಿಯನ್ನು ಲಿಫ್ಟ್‌ಗೆ ಏರಿಸಿದರೆ ಕಾಣುವುದು ಸಾಮಾನ್ಯವಾಗಿ ಒಂದೇ ನೋಟ. ಶಾಕ್‌ನ ಧೂಳು ತಡೆಯುವ ರಬ್ಬರ್ ಹರಿದಿರುತ್ತದೆ. ಒಳಗಿನ ಹಳದಿ ಬಂಪ್ ಸ್ಟಾಪ್ ಚೂರು ಚೂರಾಗಿ, ಬೆರಳಿಗೆ ತಗುಲಿದರೆ ಪುಡಿ ಉದುರುತ್ತದೆ. ರಾಡ್ ಸುತ್ತ ಎಣ್ಣೆಯ ಉಂಗುರ, ಅದರ ಮೇಲೆ ಕೆಂಪು ಮಣ್ಣು ಅಂಟಿರುತ್ತದೆ. ಆರ್ಮ್ ಗಾಡಿಗೆ ಕೂಡುವಲ್ಲಿನ ರಬ್ಬರ್, ಅಂದರೆ ಕಂಟ್ರೋಲ್ ಆರ್ಮ್ ಬುಷ್, ಒಂದೇ ಕಡೆಗೆ ತಿರುಚಿ ಸೀಳಿರುತ್ತದೆ. ಈ ಬುಷ್ ಹರಿಯುವುದಕ್ಕೆ ಗುಂಡಿಯೊಂದೇ ಕಾರಣ ಅಲ್ಲ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬೋಲ್ಟ್ ಟೈಟ್ ಮಾಡಿದರೆ ರಬ್ಬರ್ ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗಿನಿಂದ ಇಪ್ಪತ್ನಾಲ್ಕು ಗಂಟೆಯೂ ತಿರುಚಿಕೊಂಡೇ ಇರುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಬಂದ ಮೇಲೆ ಕೊನೆಯ ಸುತ್ತು ಟೈಟ್ ಮಾಡಬೇಕು. ಎಲ್ಲೇ ಕೆಲಸ ಮಾಡಿಸಿ, ಇದೊಂದನ್ನು ಕೇಳಿ ತಿಳಿದುಕೊಳ್ಳಿ.

ಹಾಗಂತ ಇಳಿಸುವುದೇ ತಪ್ಪು ಅಂತಲ್ಲ. 718 ಕೇಮನ್‌ಗೆ ಪಿಎಎಸ್‌ಎಂ ಎಂಬ, ತಾನಾಗೇ ಬಿರುಸು ಬದಲಿಸಿಕೊಳ್ಳುವ ಶಾಕ್ ತೆಗೆದುಕೊಂಡರೆ ಪೋರ್ಷೆಯವರೇ 10 ಮಿ.ಮೀ. ಇಳಿಸಿ ಕೊಡುತ್ತಿದ್ದರು, ಸ್ಪೋರ್ಟ್ ಸೆಟ್ ಆದರೆ 20. ಆದರೆ ಅವರು ಸ್ಪ್ರಿಂಗ್, ಶಾಕ್, ಬಂಪ್ ಸ್ಟಾಪ್, ಅಲೈನ್‌ಮೆಂಟ್ ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಲೆಕ್ಕ ಹಾಕಿರುತ್ತಾರೆ. ಒಂದನ್ನು ಮಾತ್ರ ಬದಲಿಸಿ ಉಳಿದವು ಹೊಂದಿಕೊಳ್ಳಲಿ ಅಂತ ಬಿಡುವುದಿಲ್ಲ.

ಈಗ ನಾವು ಏನು ಮಾಡುತ್ತೇವೆ ಅಂತ ಹೇಳುತ್ತೇವೆ. ಮೊದಲು ತಪಾಸಣೆ. ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್ ಇವುಗಳಲ್ಲಿ ಆಟ ಇದ್ದರೆ ಅದನ್ನು ಸರಿ ಮಾಡದೆ ಹೊಸ ಸಾಮಾನು ಹಾಕುವುದಿಲ್ಲ. ಎಷ್ಟೋ ಗಾಡಿಗಳಿಗೆ ಇಷ್ಟೇ ಸಾಕಾಗುತ್ತದೆ. ಬುಷ್ ಹೊಸದಾಗಿ, ಒಳ್ಳೆ ಟೈರ್ ಹಾಕಿ, ಅಲೈನ್‌ಮೆಂಟ್ ಸರಿಯಾಗಿ ಮಾಡಿದರೆ ಓಡಿಸುವವರಿಗೇ ಆಶ್ಚರ್ಯವಾಗುವಷ್ಟು ಗಾಡಿ ಬದಲಾಗುತ್ತದೆ.

ಅದಾದ ಮೇಲೆ ಕ್ಯಾಂಬರ್. ರಸ್ತೆ ಮೇಲೆ ಮೈನಸ್ ಒಂದು ಡಿಗ್ರಿ ಆಸುಪಾಸು ಸಾಕು. ಟ್ರ್ಯಾಕ್‌ನಲ್ಲಿ ಎರಡರಿಂದ ಮೂರು ಬೇಕಾಗುತ್ತದೆ. ಸ್ಟ್ರಟ್‌ನ ಮೇಲ್ಭಾಗಕ್ಕೆ ಕ್ಯಾಂಬರ್ ಪ್ಲೇಟ್ ಹಾಕಿ, ಎರಡೂ ಜಾಗಕ್ಕೆ ಗುರುತು ಮಾಡಿ ಕೊಡುತ್ತೇವೆ. ಕ್ಯಾಂಬರ್ ಬದಲಿಸಿದಾಗ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಟೈರಿನ ಒಳ ಅಂಚು ಬೇಗ ಸವೆದರೆ ಜನ ಕ್ಯಾಂಬರನ್ನು ಬೈಯುತ್ತಾರೆ, ನಿಜವಾದ ಕಳ್ಳ ಸಾಮಾನ್ಯವಾಗಿ ಟೋ. ಅದಕ್ಕೇ ಎರಡೂ ಸೆಟ್ಟಿಂಗ್‌ಗೆ ಟೋ ಅಳತೆ ಬರೆದ ಹಾಳೆ ಗಾಡಿಯ ಜೊತೆಗೇ ಬರುತ್ತದೆ.

ಕಾಯ್ಲೋವರ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್, ಬೇಕು ಅನ್ನುವವರಿಗೆ ಹಾಕಿಕೊಡುತ್ತೇವೆ, ಬೇಡ ಅನ್ನುವುದಿಲ್ಲ. ಆದರೆ ಕಂಪನಿ ಎತ್ತರದಲ್ಲಿ ನಿಲ್ಲಬಲ್ಲ ಸೆಟ್ ಮಾತ್ರ. ತುಂಬಾ ಸೆಟ್‌ಗಳು ಪೂರ್ತಿ ಎತ್ತಿದರೂ ಕಂಪನಿಗಿಂತ ಕೆಳಗೇ ಕೂರುತ್ತವೆ, ಅಂಥವನ್ನು ತರಿಸುವುದಿಲ್ಲ. ಶಾಕ್‌ನ ಕ್ಲಿಕ್‌ಗಳನ್ನು (ಬಿರುಸು ಹೊಂದಿಸುವ ತಿರುಪಿನ ಹೆಜ್ಜೆಗಳನ್ನು) ಪೂರ್ತಿ ಮುಚ್ಚಿದ ಕಡೆಯಿಂದ ಎಣಿಸಿ ಬರೆಯುತ್ತೇವೆ. ನೀವೂ ಹಾಗೇ ಎಣಿಸಿ. ಟ್ರ್ಯಾಕ್ ಅಂದ ತಕ್ಷಣ ಪೂರ್ತಿ ಬಿರುಸು ಮಾಡುವ ಚಾಳಿ ಬೇಡ. ಟಾರು ಉಬ್ಬುತಗ್ಗಾಗಿರುವ ಕಡೆ ಟೈರ್ ನೆಲ ಬಿಟ್ಟು ಕುಣಿಯುತ್ತದೆ, ಹಿಡಿತ ಹೋಗುತ್ತದೆ. ನಾಲ್ಕು ತಕ್ಕಡಿ ಮೇಲೆ ಗಾಡಿ ನಿಲ್ಲಿಸಿ ತೂಕ ಹೊಂದಿಸುವಾಗ ಓಡಿಸುವವರೇ ಸೀಟಲ್ಲಿ ಕೂರಬೇಕು. ನಮ್ಮ ಹುಡುಗನ ತೂಕಕ್ಕೆ ಹೊಂದಿಸಿದರೆ ನಿಮಗೇನು ಲಾಭ ಅಲ್ವಾ?

ಎತ್ತರದ ವಿಷಯದಲ್ಲಿ ಇಷ್ಟು ಹಟ ಯಾಕೆ ಅಂದರೆ, ಟ್ರ್ಯಾಕ್‌ಗೆ ಹೋಗುವುದೂ ಅದೇ ಗಾಡಿಯಲ್ಲಿ, ಬರುವುದೂ ಅದೇ ಗಾಡಿಯಲ್ಲಿ. ಶ್ರೀಪೆರಂಬದೂರು ಹತ್ತಿರದ ಇರುಂಗಾಟುಕೋಟೈ ಸರ್ಕ್ಯೂಟ್‌ನ ಒಂದು ಸುತ್ತು 3.7 ಕಿ.ಮೀ., ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿ.ಮೀ. ಆದರೆ ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯೇ 300 ಕಿ.ಮೀ. ಮೇಲಿದೆ. ಐಆರ್‌ಸಿ, ಅಂದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, 1988ರಲ್ಲಿ ಮಾಡಿದ ನಿಯಮದಲ್ಲಿ ರಸ್ತೆ ಹಂಪ್‌ಗೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಅಂತಿತ್ತು. ನಮ್ಮ ಬಡಾವಣೆಗಳ ಹಂಪ್ ಹಾಕಿದವರು ಆ ಪುಸ್ತಕ ತೆರೆದ ಹಾಗೆ ಕಾಣುವುದಿಲ್ಲ.

ಕಾನೂನಿನ ಮಾತೂ ಇದೆ. ನೋಂದಣಿಯಲ್ಲಿರುವ ವಿವರ ಕಂಪನಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸಸ್ಪೆನ್ಷನ್ ಬದಲಿಸುವ ಮೊದಲು ಆರ್‌ಟಿಒ ಕಡೆಯ ವಿಷಯ ವಿಚಾರಿಸಿಕೊಳ್ಳಿ, ವಿಮೆಯವರಿಗೆ ಬರಹದಲ್ಲಿ ತಿಳಿಸಿ. ತೆಗೆದ ಸಾಮಾನನ್ನು ಡಬ್ಬದಲ್ಲಿಟ್ಟು ನಿಮಗೇ ಕೊಡುತ್ತೇವೆ. ದಯವಿಟ್ಟು ಮಾರಬೇಡಿ. ಗಾಡಿ ಮಾರುವ ದಿನ ಅದಕ್ಕೇ ಬೆಲೆ.

ಇನ್ನು ಬಿಲ್. ತಪಾಸಣೆಗೆ ಬೇರೆ ಚಾರ್ಜ್ ಇದೆ, ಕೆಲಸ ನಮ್ಮಲ್ಲೇ ಮಾಡಿಸಿದರೆ ಅದನ್ನು ಕಳೆಯುತ್ತೇವೆ. ಬೆಳಗ್ಗೆ ಬಿಟ್ಟು ಸಂಜೆ ಒಯ್ಯುವುದು ಇನ್ನು ಆಗುವುದಿಲ್ಲ, ಗಾಡಿ ಎರಡು ದಿನ ಬೇಕು. ಹೊಸ ಸ್ಪ್ರಿಂಗ್ ಒಂದಿಷ್ಟು ಓಡಿದ ಮೇಲೆ ಕೂರುತ್ತದೆ. ಹಾಗಾಗಿ 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ತನ್ನಿ, ಆ ಅಲೈನ್‌ಮೆಂಟ್‌ಗೆ ಹಣ ಕೇಳುವುದಿಲ್ಲ.

ಈಗಾಗಲೇ ಸ್ಪ್ರಿಂಗ್ ಹಾಕಿಸಿಕೊಂಡು ಖುಷಿಯಾಗಿರುವವರು ಗಾಬರಿಯಾಗಬೇಡಿ. ಬಂಪ್ ಸ್ಟಾಪ್ ಮತ್ತು ಬುಷ್ ಒಮ್ಮೆ ತೋರಿಸಿ, ನೋಡುವುದಕ್ಕೆ ದುಡ್ಡಿಲ್ಲ. ಭಾನುವಾರ ರಜೆ. ಶನಿವಾರ ಸಂಜೆ ಗಾಡಿ ತಂದು “ಅಣ್ಣಾ, ನಾಳೆ ಬೆಳಗ್ಗೆ ಟ್ರ್ಯಾಕ್ ಡೇ, ಸುಮ್ನೆ ಒಂದ್ಸಲ ನೋಡಿಬಿಡಿ” ಅನ್ನುವವರಿಗೆ ಮಾತ್ರ ಟೈರಿನ ಗಾಳಿ ನೋಡಿ ಕಳಿಸುತ್ತೇವೆ, ಬೇರೇನೂ ಮುಟ್ಟುವುದಿಲ್ಲ.

ಇಂತಿ,
ನಿಮ್ಮ ಗ್ಯಾರೇಜಿನವರು