ಬಾಟಲಿ ಹಂಚಿದವರು ಒಳಗೇನಿದೆ ಎಂಬುದನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ಅಜವಾನ (ಓಮ) ಎಣ್ಣೆಯಿಂದ ಒಣದ್ರಾಕ್ಷಿಯ ಬೂಷ್ಟು ಸಂಪೂರ್ಣ ಹತೋಟಿಗೆ ಬಂದಿದ್ದು, ತಿಕೋಟಾ ಭಾಗದ ಬೆಳೆಗಾರರು ಹರ್ಷಗೊಂಡಿದ್ದಾರೆ ಎಂಬ ನಿನ್ನೆಯ ವರದಿಯನ್ನು ಓದಿದೆ. ವರದಿಯ ಜೊತೆಗಿರುವುದು ಕಳೆದ ತಿಂಗಳು ಇಲಾಖೆಯವರು ಈ ಎಣ್ಣೆಯ ಬಾಟಲಿ ಹಂಚಿದ ದಿನದ ಚಿತ್ರ. ಸಾಲಿನ ತುದಿಯಲ್ಲಿ ಅರ್ಧ ಮುಖ ಕಾಣುವವನು ನಾನು. ಆ ಚಿತ್ರ ಅಚ್ಚಾದ ದಿನವೇ ವ್ಯಾಪಾರಿಯೊಬ್ಬರು ನನ್ನ ಮಾಲನ್ನು ಹಿಂದಕ್ಕೆ ಕಳುಹಿಸಿದರು. ಪೆಟ್ಟಿಗೆ ಬಿಚ್ಚಿ ಮೂಸಿ ನೋಡಿ, ‘ಇದನ್ನು ಪಾಯಸಕ್ಕೆ ಹಾಕಬೇಕೋ, ಹೊಟ್ಟೆನೋವಿಗೆ ಕೊಡಬೇಕೋ’ ಎಂದು ಕೇಳಿದರು. ಹೋಗುವ ಬಾಡಿಗೆಯೂ ನನ್ನದೇ, ಬರುವ ಬಾಡಿಗೆಯೂ ನನ್ನದೇ, ಶೀತಲಗೃಹದಲ್ಲಿ ಮತ್ತೆ ಜಾಗ ಕೊಡಿ ಎಂದು ಕೈಕಟ್ಟಿ ನಿಲ್ಲುವವನೂ ನಾನೇ. ಹರ್ಷವೊಂದು ಮಾತ್ರ ಇಲಾಖೆಯ ಪಾಲಿಗೆ.

ಅಜವಾನದ ಎಣ್ಣೆಗೆ ಶಿಲೀಂಧ್ರವನ್ನು ತಡೆಯುವ ಗುಣವಿದೆ ಎಂಬುದರ ಬಗ್ಗೆ ನನಗೆ ತಕರಾರಿಲ್ಲ. ಕಾಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಶೇ 2ರಿಂದ 4ರಷ್ಟು ಎಣ್ಣೆ ಸಿಗುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಥೈಮಾಲ್, ಪ್ಯಾರಾ-ಸೈಮೀನ್ ಮತ್ತು ಗಾಮಾ-ಟರ್ಪಿನೀನ್. ಬೂಷ್ಟಿನ ಜೀವಕೋಶದ ಪೊರೆಯನ್ನು ಕೆಡಿಸಿ ಒಳಗಿನದು ಹೊರಗೆ ಸೋರುವಂತೆ ಮಾಡುವ ಶಕ್ತಿ ಬಹುಪಾಲು ಥೈಮಾಲ್‌ನದು. ಒಳ್ಳೆಯ ಎಣ್ಣೆಯಲ್ಲಿ ಅದು ಅರ್ಧದಷ್ಟಿರಬಹುದು, ಆದರೆ ತಳಿ, ಕೊಯ್ಲಿನ ಹದ, ಬಟ್ಟಿ ಇಳಿಸುವ ಕ್ರಮ, ಇಟ್ಟ ಅವಧಿ ಬದಲಾದಂತೆಲ್ಲ ಪ್ರಮಾಣವೂ ಬದಲಾಗುತ್ತದೆ. ಇದಲ್ಲದೆ ಎಣ್ಣೆಯನ್ನು ತಂಪು ಮಾಡಿ, ಥೈಮಾಲ್ ಅನ್ನು ಹರಳುಗಟ್ಟಿಸಿ ತೆಗೆದು, ಅಜವಾನದ ಹೂವೆಂದು ಬೇರೆ ಬೆಲೆಗೆ ಮಾರುವ ಪದ್ಧತಿ ಬಹಳ ಹಳೆಯದು. ತೆಗೆದ ಮೇಲೆ ಉಳಿಯುವ ಎಣ್ಣೆಗೂ ವಾಸನೆಯೇನೋ ಇರುತ್ತದೆ, ಅಷ್ಟು ಕಸುವು ಇರುವುದಿಲ್ಲ.

ನಮಗೆ ಹಂಚಿದ್ದು ಇವೆರಡರಲ್ಲಿ ಯಾವುದು? ಬಾಟಲಿಯ ಮೇಲೆ ಗಣ್ಯರ ಭಾವಚಿತ್ರವಿದೆ, ಯೋಜನೆಯ ಹೆಸರಿದೆ, ‘ಶೇ 100 ನೈಸರ್ಗಿಕ’ ಎಂಬ ಮಾತಿದೆ. ಥೈಮಾಲ್ ಶೇಕಡಾ ಎಷ್ಟು, ಬಟ್ಟಿ ಇಳಿಸಿದ್ದು ಯಾವಾಗ, ಯಾವ ಅಂಶ ಎಷ್ಟಿದೆ ಎಂದು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಪರೀಕ್ಷೆ ಆಗಿದೆಯೇ ಎಂಬುದೊಂದೂ ಇಲ್ಲ. ಪೇಟೆಯ ಅಂಗಡಿಯಲ್ಲಿ ಕೊಳ್ಳುವ ಬೇವಿನ ಕೀಟನಾಶಕದ ಡಬ್ಬಿಯ ಮೇಲೂ ಅದರ ಮುಖ್ಯ ಅಂಶವಾದ ಅಜಾಡಿರಾಕ್ಟಿನ್ 300 ಪಿಪಿಎಂ (ಹತ್ತು ಲಕ್ಷದಲ್ಲಿ 300 ಭಾಗ), 1500 ಪಿಪಿಎಂ ಎಂದು ನಮೂದಿಸಿರುತ್ತಾರೆ. ಪುಕ್ಕಟೆ ಕೊಟ್ಟದ್ದಕ್ಕೆ ಅಷ್ಟೆಲ್ಲ ಕೇಳಬಾರದು ಎಂದು ಹೇಳುವವರಿದ್ದಾರೆ. ಆ ಪುಕ್ಕಟೆಯ ಬಾಟಲಿಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಶಾಮಿಯಾನದ ಕೆಳಗೆ ಕೂತು ಮುಖ್ಯ ಅತಿಥಿಗಳ ದಾರಿ ಕಾದವರು ನಾವು. ಕೂಲಿಯವರು ಅತ್ತ ದ್ರಾಕ್ಷಿ ಒಣಗಿಸುವ ಶೆಡ್‌ನಲ್ಲಿ ಸುಮ್ಮನೆ ಕೂತಿದ್ದರು.

ನೀರಿಗೆ ಬೆರೆಸಿ ಸಿಂಪಡಿಸಿ ಎಂಬುದು ವೇದಿಕೆಯಿಂದ ಬಂದ ಅಪ್ಪಣೆ. ಎಣ್ಣೆಯು ನೀರಿನಲ್ಲಿ ಬೆರೆಯಬೇಕಾದರೆ ಎರಡನ್ನೂ ಒಂದುಗೂಡಿಸುವ ವಸ್ತು (ಎಮಲ್ಸಿಫೈಯರ್) ಬೇಕು. ಅದನ್ನು ಕೊಡಲೂ ಇಲ್ಲ, ಅದರ ಹೆಸರೆತ್ತಲೂ ಇಲ್ಲ. ಪಂಪಿನ ತಳದಿಂದ ಮೊದಲು ಬರೀ ನೀರು ಬಂತು, ಮೇಲೆ ತೇಲುತ್ತಿದ್ದ ಎಣ್ಣೆ ಕಡೆಗೆ ಬಂತು. ನೀರು ಬಿದ್ದ ರ‍್ಯಾಕ್‌ಗಳಲ್ಲಿ, ಅಕಾಲಿಕ ಮಳೆಗೆ ಮೊದಲೇ ತೇವ ಹಿಡಿದಿದ್ದ ಹಣ್ಣಿಗೆ ಬೂಷ್ಟು ಇನ್ನಷ್ಟು ಹಬ್ಬಿತು. ಎಣ್ಣೆ ಬಿದ್ದ ರ‍್ಯಾಕ್‌ಗಳ ಮಾಲು ವ್ಯಾಪಾರಿಯ ಮೂಗಿಗೆ ಸಿಕ್ಕಿಬಿದ್ದಿತು.

ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಗಾಜಿನ ತಟ್ಟೆಯಲ್ಲಿ ಒಂದು ಬಗೆಯ ಬೂಷ್ಟನ್ನು ಬೆಳೆಸಿ, ಎಷ್ಟು ಕನಿಷ್ಠ ಎಣ್ಣೆಗೆ ಅದರ ಬೆಳವಣಿಗೆ ನಿಲ್ಲುತ್ತದೆ ಎಂದು ಅಳೆಯುವುದಕ್ಕೂ, ನಾಲ್ಕೂ ಕಡೆಯಿಂದ ಗಾಳಿಯಾಡುವ ಶೆಡ್‌ನಲ್ಲಿ ಬೇಗನೆ ಆವಿಯಾಗುವ ಎಣ್ಣೆಯನ್ನು ಚಿಮುಕಿಸುವುದಕ್ಕೂ ಇರುವ ಅಂತರವನ್ನು ಯಾರೂ ವಿವರಿಸಲಿಲ್ಲ. ಒಣದ್ರಾಕ್ಷಿಯ ಕಪ್ಪು ಬೂಷ್ಟು ಒಮ್ಮೊಮ್ಮೆ ಓಕ್ರಾಟಾಕ್ಸಿನ್ ಎಂಬ ವಿಷವನ್ನು ಹಣ್ಣಿನಲ್ಲಿ ಬಿಡುತ್ತದೆ, ಬೂಷ್ಟು ಸತ್ತ ಮಾತ್ರಕ್ಕೆ ಆ ವಿಷ ಹೋಗುವುದಿಲ್ಲ ಎಂಬ ಮಾತೂ ಬರಲಿಲ್ಲ. ಬದಲಿಗೆ, ತೋಟದ ಬಳ್ಳಿಗೆ ತಗಲುವ ಡೌನಿ ರೋಗಕ್ಕೂ ಇದೇ ಮದ್ದು ಎಂದು ಒಬ್ಬರು ಘೋಷಿಸಿ ಚಪ್ಪಾಳೆ ಗಿಟ್ಟಿಸಿದರು. ಡೌನಿ ತರುವ ಜೀವಿ ನಿಜವಾದ ಶಿಲೀಂಧ್ರದ ಗುಂಪಿಗೇ ಸೇರಿದ್ದಲ್ಲ. ಅದರ ಕೋಶದ ರಚನೆಯೇ ಬೇರೆ. ಒಂದಕ್ಕೆ ನಾಟಿದ ಮದ್ದು ಇನ್ನೊಂದಕ್ಕೂ ನಾಟುತ್ತದೆ ಎನ್ನಲು ಬೇರೆ ಪುರಾವೆ ಬೇಕು.

ಇದು ಇವತ್ತಿನ ರೋಗವೂ ಅಲ್ಲ. ಹಿಂದೆ ಬೆಳೆಯ ರೋಗ ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪೊಟ್ಟಣಗಳನ್ನು ಹಂಚಿದಾಗಲೂ ಅವಧಿ ಮುಗಿದ ಮಾಲು ನಮ್ಮ ಕೈಗೆ ಬಂದಿತ್ತು. ಜೀವಂತ ಇರಬೇಕಾದ ಶಿಲೀಂಧ್ರವನ್ನು ಬಿಸಿಲಿನ ಗೋದಾಮಿನಲ್ಲಿ ಕೊಂದು ಕೊಟ್ಟ ಇಲಾಖೆಯು ಈಗ ಸಾಯಬೇಕಾದ ಬೂಷ್ಟನ್ನು ನೀರುಣಿಸಿ ಸಾಕಿದೆ. ಆಗ ಕೊಟ್ಟ ದೂರಿಗೆ ಸ್ವೀಕೃತಿ ಪತ್ರ ಸಿಕ್ಕಿತು, ಅಧಿಕಾರಿಗೆ ವರ್ಗಾವಣೆ ಸಿಕ್ಕಿತು, ನಮಗೆ ಮುಂದಿನ ಕಾರ್ಯಕ್ರಮದ ಆಮಂತ್ರಣ ಸಿಕ್ಕಿತು.

ಆದ್ದರಿಂದ ಈ ಎಣ್ಣೆಯ ವಿಶ್ಲೇಷಣಾ ವರದಿಯನ್ನು ಪ್ರಕಟಿಸಬೇಕು, ಇಲ್ಲವೇ ಬಾಟಲಿಗಳನ್ನೆಲ್ಲ ಹಿಂಪಡೆಯಬೇಕು. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ನಷ್ಟವನ್ನು ಯಾರು ತುಂಬಿಕೊಡಬೇಕೋ ಅವರು ತುಂಬಿಕೊಡಲಿ. ಇನ್ನು ಮುಂದೆ ಸಂಬಂಧಪಟ್ಟವರು ಮೈಕ್ ಹಿಡಿಯುವ ಮೊದಲು ಒಮ್ಮೆ ಶೆಡ್ ಒಳಗೆ ಪಂಪು ಹಿಡಿದು ತೋರಿಸಬೇಕು. ಅಷ್ಟು ತಿಳಿವಳಿಕೆಯನ್ನೂ ಪತ್ರಿಕೆಯ ಮೂಲಕವೇ ಹೇಳಿಕೊಡಬೇಕಾಗಿ ಬಂದಿರುವುದು ನಾಚಿಕೆಗೇಡು.

– ನೊಂದ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ