ಹಳೇ ಹಂಚಿನ ನೆನಪು ಹಾಕುವವರ ಗಮನಕ್ಕೆ

ಗುಡ್ ಮಾರ್ನಿಂಗ್ ಹೂವಿನ ಫೋಟೋ ಈ ಗುಂಪಿನಲ್ಲಿ ಬೇಡ ಮಾರಾಯ್ರೆ, ಅದಕ್ಕೆ ಬೇರೆ ಗುಂಪುಗಳಿವೆ. ನಮಗೆ ಬೇಕಾದದ್ದು ಮಂಗಳೂರಿನ ಹಂಚಿನ ಕಾರ್ಖಾನೆಗಳ ಕತೆ.

ಮನೆ ರಿಪೇರಿಗೆ ಮಾಡು (ಛಾವಣಿ) ಬಿಚ್ಚುವಾಗ ಹಂಚನ್ನು ಮಗುಚಿ ಹಾಕಿ, ಹಿಂದಿನ ಅಚ್ಚು ಓದುವ ಹಾಗೆ ಫೋಟೋ ತೆಗೆದು ಕಳಿಸಿ. 'ಬಾಸೆಲ್ ಮಿಷನ್ 1865' ಅಂತ ಇದ್ದರೆ ಆ ಹಂಚು ಅದೇ ವರ್ಷದ್ದು ಅಂತ ಬರೆಯಬೇಡಿ, ಅದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜರ್ಮನ್ ಮಿಷನರಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಇಸವಿ, ಹಂಚು ಎಷ್ಟೋ ವರ್ಷ ಆಮೇಲಿನದ್ದೂ ಆಗಿರಬಹುದು ಅಲ್ವಾ.

ನೇತ್ರಾವತಿ, ಫಲ್ಗುಣಿ ದಡದ ಆವೆ ಮಣ್ಣು ತಂದವರು, ಹಂಚು ಹೊತ್ತವರು, ಗೂಡಿಗೆ ಬೆಂಕಿ ಹಾಕಿದವರು ನಿಮ್ಮ ಮನೆಯಲ್ಲಿದ್ದರೆ ಮೊದಲು ಅವರನ್ನು ಮಾತಾಡಿಸಿ. ತುಳುವಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು. ಊರು, ಅಂದಾಜು ಇಸವಿ ಮಾತ್ರ ಮರೆಯದೆ ಹಾಕಿ.