ಕಾಲೇಜ್ ಪಾರ್ಕ್‌ನ ಆ ಹಿರಿಯರಿಗೆ

ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದ ಹಿರಿಯರೇ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈ ಧನ್ಯವಾದ ನಿಮಗೆ.

ಅಂತರರಾಷ್ಟ್ರೀಯ ಸಂಬಂಧಗಳ ವಿದ್ಯಾರ್ಥಿನಿಯಾಗಿ ನಾನು ಹುಡುಕುತ್ತಿದ್ದುದು 1965–66ರ ಬರಗಾಲದಲ್ಲಿ, ಪಿಎಲ್-480 ಎಂಬ ಅಮೆರಿಕದ ಆಹಾರ ನೆರವಿನ ಕಾನೂನಿನಡಿ ಭಾರತಕ್ಕೆ ಬಂದ ಗೋಧಿಯ ಕಥೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯನ್ನು ಒಟ್ಟಿಗೇ ಕೊಡದೆ, ನಮ್ಮ ಕೃಷಿ ನೀತಿ ಬದಲಾಗುತ್ತಿದೆಯೇ ಎಂದು ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ಬಿಡುತ್ತಿದ್ದರು. ವಿಯೆಟ್ನಾಂನಲ್ಲಿ ಅಮೆರಿಕ ನಡೆಸುತ್ತಿದ್ದ ಯುದ್ಧದ ಬಗ್ಗೆ ಭಾರತ ಆಡಿದ ಮಾತೂ ಅವರಿಗೆ ಹಿಡಿಸಿರಲಿಲ್ಲ. ನನ್ನ ಮುಂದಿದ್ದುದೆಲ್ಲ ಅಮೆರಿಕದ ವಿದೇಶಾಂಗ ಇಲಾಖೆಯ ಕಡತಗಳು, ಪತ್ರಾಗಾರದ ವಿಂಗಡಣೆಯಲ್ಲಿ ರೆಕಾರ್ಡ್ ಗ್ರೂಪ್ 59. ಆ ಪೆಟ್ಟಿಗೆ ನೋಡಿ ನೀವು ಕೇಳಿದಿರಿ: "ಸರಿ, ಆ ಗೋಧಿ ಬೆಳೆದವರು ಯಾರಮ್ಮಾ?"

ಅಲ್ಲಿ ಪೆನ್ನು ಒಳಗೆ ಬಿಡುವುದಿಲ್ಲವಲ್ಲ, ನಿಮ್ಮ ಮೊಂಡು ಪೆನ್ಸಿಲ್ಲಿನಲ್ಲೇ ಚೀಟಿಯ ಮೇಲೆ 'ಗ್ರೂಪ್ 16' ಎಂದು ಬರೆದುಕೊಟ್ಟಿರಿ. ಕೃಷಿ ಕಾರ್ಯದರ್ಶಿಯ ಕಚೇರಿಯ ಕಡತಗಳು ಅವು. ನಿಮ್ಮ ಕೆಲಸ ಬದಿಗಿಟ್ಟು, ನಾನು ಕೋರಿಕೆ ಅರ್ಜಿ ತುಂಬುವವರೆಗೂ ಜೊತೆಗೇ ನಿಂತಿರಿ.

ಅಲ್ಲಿಂದ ನನ್ನ ಓದಿನ ದಿಕ್ಕೇ ಬದಲಾಯಿತು. 1954ರಲ್ಲಿ ಆ ಕಾನೂನು ಬಂದದ್ದಕ್ಕೆ ದೊಡ್ಡ ಕಾರಣವೇ ಅಮೆರಿಕದ ಉಗ್ರಾಣಗಳಲ್ಲಿ ರಾಶಿಬಿದ್ದಿದ್ದ ಧಾನ್ಯ. ನಮಗೆ ಅದು ಹೊಟ್ಟೆಯ ಪ್ರಶ್ನೆ. ಕಾನ್ಸಾಸ್‌ನಂಥ ಗೋಧಿ ರಾಜ್ಯಗಳ ಪ್ರತಿನಿಧಿಗಳಿಗೆ ತಮ್ಮ ರೈತರ, ತಮ್ಮ ಮತದಾರರ ಪ್ರಶ್ನೆ. ದೆಹಲಿ–ವಾಷಿಂಗ್ಟನ್ ನಡುವಿನ ತಂತಿ ಸಂದೇಶಗಳನ್ನಷ್ಟೇ ಓದುತ್ತ ಕೂತಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ನಿಂತಿರುವುದು ಆ ಚೀಟಿಯ ಮೇಲೆ. ಗುರುತುಪರಿಚಯವಿಲ್ಲದ ಹುಡುಗಿಗೆ ಅಷ್ಟು ಹೊತ್ತು ಕೊಟ್ಟಿರಲ್ಲ, ನಿಮಗೆ ತುಂಬು ಹೃದಯದ ವಂದನೆ, ಸರ್.